ಅಂಗೈಯಗಲದ ಪಗಡೆ ಹಾಸು

ಭಾರತದಲ್ಲಿ ಮೊಬೈಲ್ ಫೋನಿನ ಮೊದಲ ಮಾತುಕತೆ ನಡೆದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಲ್ಲಿ ಕುಳಿತು, ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದರು. ಆಗ ಮಾತು ಬಲು ದುಬಾರಿ. ನಿಮಿಷಕ್ಕೆ 16 ರೂಪಾಯಿಯವರೆಗೂ ದರವಿತ್ತು. ಕರೆ ಮಾಡಿದವರಷ್ಟೇ ಅಲ್ಲ, ಕರೆ ಸ್ವೀಕರಿಸಿದವರೂ ಹಣ ತೆರಬೇಕಾಗಿತ್ತು. ಒಳಬರುವ ಕರೆಗಳು ಉಚಿತವಾದದ್ದು 2003ರಲ್ಲಿ. ನಡುವಿನ ಏಳೆಂಟು ವರ್ಷಗಳಲ್ಲಿ ಫೋನ್ ಕೊಂಡವರು ಅದನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ಓಡಾಡಿದರೇ ಹೊರತು, ಅದರಲ್ಲಿ ಮನಸೋ ಇಚ್ಛೆ ಮಾತನಾಡಿದವರು ಕಡಿಮೆ. ‘ಮಿಸ್ಡ್ ಕಾಲ್’ ಎಂಬ ಸಂಕೇತ ಭಾಷೆ ಹುಟ್ಟಿಕೊಂಡದ್ದು ಈ ಬಿಗಿಹಿಡಿತದಿಂದಲೇ.

ಅಂಥ ಫೋನಿನೊಳಗೂ ಬಿಲ್ಲಿನ ಭಯವಿಲ್ಲದೆ ಎಷ್ಟು ಹೊತ್ತಾದರೂ ಬಳಸಬಹುದಾದ ಒಂದು ವಸ್ತುವಿತ್ತು. ಅದು ಹಾವು. ಬೂದು ಹಸಿರು ಬಣ್ಣದ ಪುಟ್ಟ ಪರದೆಯ ಮೇಲೆ ಕಪ್ಪು ಗೆರೆಯೊಂದು ಹರಿದಾಡುವುದು, ಚುಕ್ಕೆಯೊಂದನ್ನು ನುಂಗಿದಾಗಲೆಲ್ಲ ತುಸು ಉದ್ದವಾಗುವುದು, ಕೊನೆಗೆ ಗೋಡೆಗೋ ತನ್ನದೇ ಬಾಲಕ್ಕೋ ತಲೆ ಬಡಿದು ಸಾಯುವುದು. ಇಷ್ಟೇ ಆಟ. ಬಸ್ ನಿಲ್ದಾಣಗಳಲ್ಲಿ, ಆಸ್ಪತ್ರೆಯ ಬೆಂಚುಗಳ ಮೇಲೆ, ಕಾಲೇಜಿನ ಹಿಂದಿನ ಸಾಲುಗಳಲ್ಲಿ ಒಂದು ತಲೆಮಾರಿನ ಹೆಬ್ಬೆರಳುಗಳು ಪಳಗಿದ್ದು ಇದರಿಂದ.

ಈ ಹಾವನ್ನು ಫೋನಿಗೆ ಬಿಟ್ಟವರು ಫಿನ್ಲೆಂಡಿನ ನೋಕಿಯಾ ಕಂಪನಿಯ ಎಂಜಿನಿಯರ್ ತಾನೆಲಿ ಅರ್ಮಾಂಟೊ. 1997ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ನೋಕಿಯಾ 6110 ಫೋನಿನಲ್ಲಿ ಏನಾದರೂ ಆಟಗಳಿರಲಿ ಎಂಬ ಸೂಚನೆ ಬಂದಾಗ ಅವರ ಮನಸ್ಸಿಗೆ ಮೊದಲು ಹೊಳೆದದ್ದು ಟೆಟ್ರಿಸ್. ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅಲೆಕ್ಸಿ ಪಾಜಿತ್ನೊವ್ 1984ರಲ್ಲಿ ರೂಪಿಸಿದ, ಮೇಲಿನಿಂದ ಬೀಳುವ ತುಂಡುಗಳನ್ನು ಒಪ್ಪವಾಗಿ ಜೋಡಿಸುವ ಆಟ ಅದು. ಅಷ್ಟರಲ್ಲಾಗಲೇ, 1994ರಲ್ಲಿ, ಹಗೆನುಕ್ ಎಂಬ ಕಂಪನಿಯ ಎಂ.ಟಿ. 2000 ಫೋನಿನಲ್ಲಿ ಟೆಟ್ರಿಸ್ ಕಾಣಿಸಿಕೊಂಡಿತ್ತು. ಮೊಬೈಲ್ ಆಟಗಳ ವಂಶಾವಳಿ ಬರೆಯುವವರು ಸಾಮಾನ್ಯವಾಗಿ ಅಲ್ಲಿಂದಲೇ ಆರಂಭಿಸುತ್ತಾರೆ. ಆದರೆ ಟೆಟ್ರಿಸ್‌ನ ಹಕ್ಕಿನ ಮಾತುಕತೆ ನೋಕಿಯಾಕ್ಕೆ ಹೊಂದಲಿಲ್ಲ. ಅರ್ಮಾಂಟೊ ಬೇರೆ ದಾರಿ ನೋಡಿದರು. ಬೆಳೆಯುತ್ತ ಹೋಗುವ ಗೆರೆಯ ಆಟ ಹೊಸದೇನಲ್ಲ. 1976ರಲ್ಲಿ ಅಮೆರಿಕದ ಗ್ರೆಮ್ಲಿನ್ ಕಂಪನಿ ನಾಣ್ಯ ಹಾಕಿ ಆಡುವ ಯಂತ್ರಗಳಿಗೆಂದು ಅಂಥದೊಂದನ್ನು ತಯಾರಿಸಿತ್ತು. ಆಪಲ್ ಕಂಪ್ಯೂಟರಿನಲ್ಲಿ ತಾವು ಕಂಡಿದ್ದ ಅದರ ಇನ್ನೊಂದು ರೂಪವನ್ನು ನೆನಪಿಸಿಕೊಂಡು ಅವರು ಹಾವನ್ನು ಹೊಸೆದರು.

ಆ ಫೋನಿನ ಪರದೆಯಲ್ಲಿದ್ದದ್ದು ಅಡ್ಡಕ್ಕೆ 84, ಉದ್ದಕ್ಕೆ 48 ಚುಕ್ಕೆಗಳು. ಒಟ್ಟು 4,032. ಬಣ್ಣವಿಲ್ಲ, ಚಿತ್ರ ಬಿಡಿಸಲು ಜಾಗವಿಲ್ಲ. ನಡೆಸಲು 2, 4, 6, 8 ಅಂಕಿಗಳ ಗುಂಡಿಗಳೇ ಗತಿ. ಇಷ್ಟು ಬಡತನದಲ್ಲಿ ಒಗ್ಗುವ ಪ್ರಾಣಿ ಹಾವೊಂದೇ ಎನ್ನಬೇಕು. ಅರ್ಮಾಂಟೊ ಅದರಲ್ಲಿ ಒಂದು ಸಣ್ಣ ದಯೆಯನ್ನೂ ಅಡಗಿಸಿಟ್ಟಿದ್ದರು. ಹಾವು ಗೋಡೆಯನ್ನು ಮುಟ್ಟಿದ ಕ್ಷಣವೇ ಸಾಯುತ್ತಿರಲಿಲ್ಲ. ಸೆಕೆಂಡಿನ ಒಂದು ಚೂರು ಹೊತ್ತು ಕಾದು, ಅಷ್ಟರೊಳಗೆ ಆಟಗಾರ ದಿಕ್ಕು ಬದಲಿಸಿದರೆ ಬದುಕಿಕೊಳ್ಳುತ್ತಿತ್ತು. ಆಡುವವನಿಗೆ ಈ ಸಂಗತಿ ತಿಳಿಯುತ್ತಿರಲಿಲ್ಲ. ತನ್ನ ಕೈಚಳಕದಿಂದಲೇ ಪಾರಾದೆ ಎಂದು ಹಿಗ್ಗುತ್ತಿದ್ದ. ಎರಡು ಫೋನುಗಳನ್ನು ಎದುರುಬದುರು ಹಿಡಿದು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಮೂಲಕ ಇಬ್ಬರು ಒಟ್ಟಿಗೆ ಆಡುವ ಏರ್ಪಾಡೂ ಇತ್ತು.

2000ದಲ್ಲಿ ಬಂದ ನೋಕಿಯಾ 3310 ಸುಮಾರು 12 ಕೋಟಿ, 2003ರಲ್ಲಿ ಬಂದ ನೋಕಿಯಾ 1100 ಸುಮಾರು 25 ಕೋಟಿ ಮಾರಾಟವಾದವು. ಎರಡರಲ್ಲೂ ಹಾವು ಇತ್ತು. ಜಗತ್ತಿನಲ್ಲಿ ಅತಿ ಹೆಚ್ಚು ಮಂದಿ ಆಡಿದ ಆಟಗಳಲ್ಲೊಂದನ್ನು ಯಾರೂ ಆರಿಸಿಕೊಂಡಿರಲಿಲ್ಲ, ಯಾರೂ ಸಿಫಾರಸು ಮಾಡಿರಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ. ಅದು ಫೋನಿನ ಬೆಲೆಯಲ್ಲೇ ಸೇರಿಹೋಗಿತ್ತು. ಆಟಗಾರ ಹತ್ತು ನಿಮಿಷ ಆಡಿದರೂ ಹತ್ತು ಗಂಟೆ ಆಡಿದರೂ ನೋಕಿಯಾಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದ್ದರಿಂದ ಅವನನ್ನು ಹಿಡಿದು ಕೂರಿಸುವ ಉಪಾಯಗಳು ಯಾರಿಗೂ ಬೇಕಿರಲಿಲ್ಲ. ಮುಂದಿನ ಕಾಲು ಶತಮಾನದಲ್ಲಿ ಬದಲಾದದ್ದು ಮುಖ್ಯವಾಗಿ ಈ ಲೆಕ್ಕಾಚಾರ.

ಆಟವನ್ನು ಬಿಡಿಯಾಗಿ ಮಾರಬಹುದೆಂದು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ಜಪಾನ್. ಅಲ್ಲಿನ ಎನ್.ಟಿ.ಟಿ. ಡೊಕೊಮೊ ಕಂಪನಿ 1999ರ ಫೆಬ್ರುವರಿಯಲ್ಲಿ ‘ಐ-ಮೋಡ್’ ಸೇವೆ ಆರಂಭಿಸಿತು. ಆಟ, ಸುದ್ದಿ, ಜ್ಯೋತಿಷ ಏನೇ ತರಿಸಿಕೊಂಡರೂ ಬೆಲೆ ತಿಂಗಳ ಫೋನ್ ಬಿಲ್ಲಿನಲ್ಲಿ ಸೇರುತ್ತಿತ್ತು. ಅದರಲ್ಲಿ ಕಂಪನಿ ಇಟ್ಟುಕೊಳ್ಳುತ್ತಿದ್ದುದು ನೂರಕ್ಕೆ 9ರಷ್ಟು ಮಾತ್ರ. ಉಳಿದದ್ದೆಲ್ಲ ಆಟ ತಯಾರಿಸಿದವರಿಗೆ. ಭಾರತದಲ್ಲಿ ಇದು ಉಲ್ಟಾ ಆಯಿತು. ಇಲ್ಲಿನ ಮೊಬೈಲ್ ಸೇವಾ ಕಂಪನಿಗಳು ಅರ್ಧಕ್ಕಿಂತ ಹೆಚ್ಚು ಪಾಲನ್ನು ತಾವೇ ಹಿಡಿದುಕೊಂಡವು. ಕ್ರಿಕೆಟ್, ಸಿನಿಮಾಗಳ ಹೆಸರಿನಲ್ಲಿ ಆಟಗಳು ಬಂದವು. 1999ರಲ್ಲಿ ಮುಂಬಯಿಯಲ್ಲಿ ಆರಂಭವಾದ ಇಂಡಿಯಾಗೇಮ್ಸ್‌ನಂಥ ಕಂಪನಿಗಳು ಹೆಸರು ಮಾಡಿದವು. ಆದರೆ ಯಾವ ಆಟ ಜನರ ಕಣ್ಣಿಗೆ ಬೀಳಬೇಕೆಂಬುದನ್ನು ಸೇವಾ ಕಂಪನಿಯ ಪಟ್ಟಿ ತಯಾರಿಸುವ ಅಧಿಕಾರಿ ನಿರ್ಧರಿಸುತ್ತಿದ್ದ. ಪಟ್ಟಿಯ ಮೂರನೆಯ ಪುಟದಲ್ಲಿದ್ದ ಆಟಕ್ಕೆ ಗಿರಾಕಿಗಳೇ ಇಲ್ಲ. ತಯಾರಕರಿಗೆ ಇನ್ನೊಂದು ಶಿಕ್ಷೆಯೂ ಇತ್ತು. ಒಂದೊಂದು ಫೋನಿನ ಪರದೆ ಒಂದೊಂದು ಅಳತೆ, ಗುಂಡಿಗಳು ಒಂದೊಂದು ಬಗೆ. ಹೀಗಾಗಿ ಒಂದೇ ಆಟವನ್ನು ನೂರಾರು ಫೋನುಗಳಿಗೆ ನೂರಾರು ಸಲ ತಿದ್ದಿ ಕೊಡಬೇಕಾಗುತ್ತಿತ್ತು. ಆಟಕ್ಕೆಂದೇ ಒಂದು ಫೋನ್ ಮಾಡಿಬಿಡೋಣವೆಂದು ನೋಕಿಯಾ 2003ರಲ್ಲಿ ‘ಎನ್-ಗೇಜ್’ ತಂದಿತು. ಆಟ ಬದಲಿಸಲು ಬ್ಯಾಟರಿ ಬಿಚ್ಚಬೇಕು, ಮಾತನಾಡಲು ಫೋನನ್ನು ಅಂಚಿನ ಕಡೆಯಿಂದ ಕಿವಿಗೆ ಹಿಡಿಯಬೇಕು. ಅದು ನೆಲ ಕಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಮಳಿಗೆಯ ಮುಂಬಾಗಿಲು

2003ರಲ್ಲಿ ಫಿನ್ಲೆಂಡಿನ ಕೆಲವು ವಿದ್ಯಾರ್ಥಿಗಳು ಮೊಬೈಲ್ ಆಟ ತಯಾರಿಸುವ ಸ್ಪರ್ಧೆಯೊಂದರಲ್ಲಿ ಗೆದ್ದು, ಅದೇ ಹುರುಪಿನಲ್ಲಿ ಒಂದು ಕಂಪನಿ ಕಟ್ಟಿದರು. ಅದೇ ಮುಂದೆ ರೋವಿಯೊ ಎಂದು ಹೆಸರಾಯಿತು. ಆರು ವರ್ಷಗಳಲ್ಲಿ 51 ಆಟಗಳನ್ನು ಮಾಡಿದರು. ಹೆಚ್ಚಿನವು ಬೇರೆಯವರಿಗಾಗಿ ಮಾಡಿಕೊಟ್ಟವು. 2009ರ ಹೊತ್ತಿಗೆ ಕಂಪನಿ ಮುಚ್ಚುವ ಸ್ಥಿತಿಗೆ ಬಂದಿತ್ತು, ಹತ್ತು ಹನ್ನೆರಡು ನೌಕರರಷ್ಟೇ ಉಳಿದಿದ್ದರು. ಆಗ ಅವರ ಚಿತ್ರಕಾರನೊಬ್ಬ ಕಾಲಿಲ್ಲದ, ರೆಕ್ಕೆಯಿಲ್ಲದ, ಹುಬ್ಬು ಗಂಟಿಕ್ಕಿದ ಕೆಲವು ದುಂಡು ಹಕ್ಕಿಗಳ ಚಿತ್ರ ಬರೆದ. ಆಟ ಯಾವುದೆಂದು ಇನ್ನೂ ಗೊತ್ತಿರಲಿಲ್ಲ, ಹಕ್ಕಿಗಳ ಸಿಟ್ಟು ಮಾತ್ರ ಎಲ್ಲರಿಗೂ ಹಿಡಿಸಿತು. ಆ ವರ್ಷ ಜಗತ್ತಿನಲ್ಲೆಲ್ಲ ಹಂದಿಜ್ವರದ ಸುದ್ದಿ. ಹಕ್ಕಿಗಳ ಶತ್ರುಗಳು ಹಂದಿಗಳಾದದ್ದು ಹೀಗೆ. ಕವಣೆಯಲ್ಲಿ ಹಕ್ಕಿಯನ್ನಿಟ್ಟು ಬೆರಳಿನಿಂದ ಹಿಂದಕ್ಕೆಳೆದು ಬಿಟ್ಟರೆ ಅದು ಹಾರಿಹೋಗಿ ಹಂದಿಗಳ ಕೋಟೆಯನ್ನು ಕೆಡವುತ್ತದೆ. ಮಾವಿನ ಮರಕ್ಕೆ ಕಲ್ಲು ಬೀರಿದವರಾರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ‘ಆಂಗ್ರಿ ಬರ್ಡ್ಸ್’ 2009ರ ಡಿಸೆಂಬರಿನಲ್ಲಿ ಹೊರಬಂತು. ಅದು ಅವರ 52ನೆಯ ಆಟ.

ಅಷ್ಟರಲ್ಲಿ ಮಾರುವ ಜಾಗವೇ ಬದಲಾಗಿತ್ತು. ಆಪಲ್ ಕಂಪನಿ ತನ್ನ ಐಫೋನಿಗಾಗಿ 2008ರ ಜುಲೈ 10ರಂದು ‘ಆಪ್ ಸ್ಟೋರ್’ ಎಂಬ ಮಳಿಗೆ ತೆರೆಯಿತು. ಮೊದಲ ದಿನ ಅಲ್ಲಿದ್ದದ್ದು 500 ಸರಕುಗಳು. ಕೆಲವೇ ತಿಂಗಳಲ್ಲಿ ಗೂಗಲ್ ಕೂಡ ತನ್ನ ಆಂಡ್ರಾಯ್ಡ್ ಫೋನುಗಳಿಗೆ ಅಂಥದೇ ಮಳಿಗೆ ತೆರೆಯಿತು. ಯಾರು ಬೇಕಾದರೂ ಆಟ ತಯಾರಿಸಿ ಇಡಬಹುದು, ಬಂದ ಹಣದಲ್ಲಿ ಮಳಿಗೆಗೆ ನೂರಕ್ಕೆ 30. ಸೇವಾ ಕಂಪನಿಗಳ ಕಾಟದಿಂದ ಬೇಸತ್ತಿದ್ದ ತಯಾರಕರಿಗೆ ಇದು ಸ್ವರ್ಗದಂತೆ ಕಂಡಿತು. ಇದೇ 30ರ ವಿರುದ್ಧ ಅವರು ಕೋರ್ಟಿನ ಮೆಟ್ಟಿಲು ಹತ್ತುವ ಕಾಲವೂ ಮುಂದೆ ಬಂತು. ಅದಿರಲಿ.

ಆಂಗ್ರಿ ಬರ್ಡ್ಸ್ ಮೊದಲಿಗೆ ದೊಡ್ಡ ದೇಶಗಳಲ್ಲಿ ಸದ್ದು ಮಾಡಲಿಲ್ಲ. ಫಿನ್ಲೆಂಡಿನ ಪುಟ್ಟ ಮಾರುಕಟ್ಟೆಯಲ್ಲಿ ದಿನಕ್ಕೆ ಕೆಲವು ನೂರು ಪ್ರತಿಗಳು ಹೋದರೂ ಪಟ್ಟಿಯ ತಲೆಗೆ ಏರಬಹುದಿತ್ತು; ಅಲ್ಲಿ ಏರಿತು. ನಂತರ ಸ್ವೀಡನ್, ಡೆನ್ಮಾರ್ಕ್, ಗ್ರೀಸ್. 2010ರ ಫೆಬ್ರುವರಿಯಲ್ಲಿ ಆಪಲ್‌ನ ಬ್ರಿಟನ್ ಮಳಿಗೆ ತನ್ನ ಮುಂಬಾಗಿಲಲ್ಲೇ ಇದನ್ನು ವಾರದ ಆಟವೆಂದು ಪ್ರದರ್ಶನಕ್ಕಿಟ್ಟಿತು. ಕೆಲವೇ ದಿನಗಳಲ್ಲಿ ಅದು ಬ್ರಿಟನ್ನಿನ ಪಟ್ಟಿಯ ತುದಿ ಮುಟ್ಟಿತು, ಆಮೇಲೆ ಅಮೆರಿಕದ್ದನ್ನೂ. ಹಿಂದೆ ಪಕ್ಕದ ಬೆಂಚಿನ ಗೆಳೆಯ ಹೇಳುತ್ತಿದ್ದ ಮಾತನ್ನು ಈಗ ಮಳಿಗೆಯ ಮುಂಬಾಗಿಲು ಹೇಳತೊಡಗಿತು. ಅಲ್ಲಿ ಜಾಗ ಸಿಕ್ಕವರು ಗೆದ್ದರು. ಸಿಗದ ಸಾವಿರಾರು ಆಟಗಳು, ಅವುಗಳಲ್ಲಿ ಒಳ್ಳೆಯವೂ ಇದ್ದವು, ಉಗ್ರಾಣದ ಕತ್ತಲಲ್ಲೇ ಉಳಿದವು. ರೋವಿಯೊ ಕಂಪನಿಯನ್ನು 2023ರಲ್ಲಿ ಜಪಾನಿನ ಸೆಗಾ 70 ಕೋಟಿ ಯೂರೊಗಳಿಗೂ ಮಿಕ್ಕ ಬೆಲೆಗೆ ಕೊಂಡಿತು.

ಆಂಗ್ರಿ ಬರ್ಡ್ಸ್‌ನ ಬೆಲೆ ಅಮೆರಿಕದಲ್ಲಿ 99 ಸೆಂಟು. ಒಂದು ಕಪ್ ಕಾಫಿಗಿಂತ ಕಡಿಮೆ. ಆದರೂ ಅದು ಬೆಲೆ. ಒಮ್ಮೆ ಕೊಟ್ಟರೆ ವ್ಯವಹಾರ ಮುಗಿಯಿತು. ಈ ಪದ್ಧತಿ ಹೆಚ್ಚು ಕಾಲ ಬಾಳಲಿಲ್ಲ. 2009ರ ಅಕ್ಟೋಬರಿನಲ್ಲಿ ಆಪಲ್ ಒಂದು ನಿಯಮ ಸಡಿಲಿಸಿ, ಉಚಿತವಾಗಿ ಕೊಟ್ಟ ಆಟಗಳ ಒಳಗೂ ವಸ್ತುಗಳನ್ನು ಮಾರಲು ಅನುಮತಿ ನೀಡಿತು. ಪತ್ರಿಕೆಗಳಲ್ಲಿ ಮೂಲೆಯ ಸುದ್ದಿಯಾಗಿದ್ದ ಈ ತಿದ್ದುಪಡಿ, ಹಿಂತಿರುಗಿ ನೋಡಿದರೆ, ಮೊಬೈಲ್ ಆಟಗಳ ಇತಿಹಾಸದ ಅತಿ ದೊಡ್ಡ ತಿರುವು. ಬಾಗಿಲಲ್ಲಿ ಟಿಕೆಟ್ ಕೇಳುವ ಬದಲು, ಒಳಗೆ ಕರೆದು ಕೂರಿಸಿ ಆಮೇಲೆ ಕೇಳುವ ದಾರಿ ತೆರೆಯಿತು.

ಮಾರಾಟಕ್ಕಿಟ್ಟ ಜೀವ

ಈ ದಾರಿಯನ್ನು ಪರಿಪೂರ್ಣಗೊಳಿಸಿದ್ದು ‘ಕ್ಯಾಂಡಿ ಕ್ರಶ್ ಸಾಗಾ’. ಕಿಂಗ್ ಎಂಬ ಕಂಪನಿ ಇದನ್ನು 2012ರ ಏಪ್ರಿಲಿನಲ್ಲಿ ಫೇಸ್‌ಬುಕ್ಕಿನಲ್ಲೂ ಅದೇ ವರ್ಷದ ನವೆಂಬರಿನಲ್ಲಿ ಫೋನಿನಲ್ಲೂ ತಂದಿತು. ಒಂದೇ ಬಣ್ಣದ ಮೂರು ಮಿಠಾಯಿಗಳನ್ನು ಸಾಲಾಗಿ ತಂದರೆ ಅವು ಒಡೆದು ಮಾಯವಾಗುತ್ತವೆ. ಮಗುವೂ ಆಡಬಹುದು, ಅಜ್ಜಿಯೂ ಆಡಬಹುದು, ಇಬ್ಬರೂ ಆಡಿದರು. ಆಟಗಾರನಿಗೆ ಐದು ‘ಜೀವ’ಗಳಿರುತ್ತವೆ. ಒಂದು ಹಂತದಲ್ಲಿ ಸೋತರೆ ಒಂದು ಜೀವ ಹೋಯಿತು. ಹೋದ ಜೀವ ಮರಳಲು 30 ನಿಮಿಷ ಕಾಯಬೇಕು. ಕಾಯಲಾರದವರು ಗೆಳೆಯರಲ್ಲಿ ಬೇಡಬಹುದು, ಇಲ್ಲವೇ ಕೊಳ್ಳಬಹುದು. ಮೊದಲ ಹಂತಗಳು ಹೂವಿನಷ್ಟು ಹಗುರ. ಮುಂದೆ ಒಂದೆಡೆ ದಾರಿ ಥಟ್ಟನೆ ಕಡಿದಾಗುತ್ತದೆ. 65ನೆಯ ಹಂತ ಇದಕ್ಕಾಗಿಯೇ ಕುಖ್ಯಾತವಾಯಿತು. ಇನ್ನೊಂದೇ ನಡೆ ಇದ್ದಿದ್ದರೆ ಗೆಲ್ಲುತ್ತಿದ್ದೆ ಎನಿಸುವ ಆ ಕ್ಷಣದಲ್ಲೇ, ಇನ್ನೈದು ನಡೆಗಳು ಬೇಕೆ ಎಂಬ ಪ್ರಶ್ನೆ ಬೆಲೆಯ ಚೀಟಿಯೊಡನೆ ಎದುರಿಗೆ ಬರುತ್ತದೆ.

ಅರ್ಮಾಂಟೊ ಹಾವಿಗೆ ಸೆಕೆಂಡಿನ ಒಂದು ಚೂರನ್ನು ಪುಕ್ಕಟೆಯಾಗಿ ಕೊಟ್ಟಿದ್ದರು. ಇಲ್ಲಿ ಅದೇ ಚೂರು ಮಾರಾಟದ ವಸ್ತುವಾಯಿತು.

ಹೀಗೆ ಹಣ ಕೊಡುವವರು ಎಷ್ಟು ಮಂದಿ? ಕಿಂಗ್ ಕಂಪನಿಯಲ್ಲಿ ಆ ವರ್ಷಗಳಲ್ಲಿ ನೂರಕ್ಕೆ ಸುಮಾರು ನಾಲ್ವರು. ಉಳಿದ ತೊಂಬತ್ತಾರು ಮಂದಿ ಬಿಡಿಗಾಸು ಕೊಡದೆ ಆಡಿದರು. ಆ ನಾಲ್ವರಲ್ಲೂ ಅತಿ ಹೆಚ್ಚು ಸುರಿಯುವವರಿಗೆ ಈ ಉದ್ಯಮದಲ್ಲಿ ‘ತಿಮಿಂಗಿಲ’ಗಳೆಂದು ಹೆಸರು. ಜೂಜಿನ ಮನೆಗಳಿಂದ ಎರವಲು ತಂದ ಮಾತು ಇದು. ಮಾತಿನ ಜೊತೆಗೆ ಬುದ್ಧಿಯೂ ಬಂದಿತ್ತು ಎನ್ನದೆ ವಿಧಿಯಿಲ್ಲ. 2016ರಲ್ಲಿ ಕಿಂಗ್ ಕಂಪನಿ 590 ಕೋಟಿ ಡಾಲರುಗಳಿಗೆ ಕೈ ಬದಲಾಯಿಸಿತು.

ಜಪಾನಿನಲ್ಲಿ ಇದೇ ವಿದ್ಯೆ ಇನ್ನೊಂದು ರೂಪ ತಾಳಿತು. ಅಲ್ಲಿನ ಅಂಗಡಿಗಳ ಮುಂದೆ ನಾಣ್ಯ ಹಾಕಿ ಹಿಡಿಕೆ ತಿರುಗಿಸಿದರೆ ಮುಚ್ಚಿದ ಡಬ್ಬಿಯಲ್ಲಿ ಒಂದು ಆಟಿಕೆ ಬೀಳುವ ಯಂತ್ರಗಳಿರುತ್ತವೆ. ಒಳಗೇನಿದೆಯೆಂದು ಮೊದಲೇ ತಿಳಿಯದು. ‘ಗಾಚ’ ಎಂದು ಅದರ ಹೆಸರು. ಫೋನಿನ ಆಟಗಳಲ್ಲೂ ಹಣ ಕೊಟ್ಟು ಇಂಥ ಕುರುಡು ಡಬ್ಬಿ ತೆರೆಯುವ ಪದ್ಧತಿ ಬಂತು. ಕೆಲವು ಅಪರೂಪದ ಚೀಟಿಗಳೆಲ್ಲ ಕೂಡಿ ಒಂದು ಸೆಟ್ ಪೂರ್ತಿಯಾದರೆ ದೊಡ್ಡ ಬಹುಮಾನ. ಸೆಟ್ಟಿನ ಕೊನೆಯ ಚೀಟಿಗಾಗಿ ಮಕ್ಕಳು ತಂದೆತಾಯಿಯರ ಫೋನ್ ಬಿಲ್ಲನ್ನು ಆಕಾಶಕ್ಕೇರಿಸಿದ ಮೇಲೆ, 2012ರ ಮೇ ತಿಂಗಳಲ್ಲಿ ಜಪಾನ್ ಸರ್ಕಾರದ ಗ್ರಾಹಕ ಇಲಾಖೆ ಈ ಸೆಟ್ ಪದ್ಧತಿ ಕಾನೂನಿಗೆ ವಿರುದ್ಧವೆಂದು ಸಾರಿತು. ಬಿಡಿ ಡಬ್ಬಿಗಳ ಮಾರಾಟ ಮುಂದುವರಿಯಿತು. ಬೆಲ್ಜಿಯಂ ದೇಶ 2018ರಲ್ಲಿ ಇಂಥ ಕುರುಡು ಡಬ್ಬಿಗಳನ್ನು ಜೂಜೆಂದೇ ಪರಿಗಣಿಸಿತು.

ಎಲ್ಲರೂ ಈ ದಾರಿ ಹಿಡಿಯಲಿಲ್ಲ. ವಿಯೆಟ್ನಾಮಿನ ಹನೋಯ್ ನಗರದ ಡಾಂಗ್ ಗುಯೆನ್ 2013ರ ಮೇ ತಿಂಗಳಲ್ಲಿ ಹೊರತಂದ ‘ಫ್ಲಾಪಿ ಬರ್ಡ್’ ಒಂದು ಹಕ್ಕಿಯನ್ನು ಕೊಳವೆಗಳ ನಡುವೆ ಹಾರಿಸುವ ಆಟ. ಮುಂದಿನ ವರ್ಷದ ಆರಂಭದಲ್ಲಿ ಅದು ಇದ್ದಕ್ಕಿದ್ದಂತೆ ಪಟ್ಟಿಗಳ ತುದಿಗೇರಿತು. ಜಾಹೀರಾತಿನಿಂದ ದಿನಕ್ಕೆ 50 ಸಾವಿರ ಡಾಲರ್ ಬರುತ್ತಿದೆಯೆಂದು ವರದಿಯಾಯಿತು. 2014ರ ಫೆಬ್ರುವರಿಯಲ್ಲಿ ಅವರು ಆಟವನ್ನು ತಾವಾಗಿಯೇ ಹಿಂತೆಗೆದುಕೊಂಡರು. ಬಿಡುವಿನ ನಾಲ್ಕು ನಿಮಿಷಕ್ಕೆಂದು ಮಾಡಿದ್ದು ಚಟವಾಗಿಬಿಟ್ಟಿತು ಎಂಬುದು ಅವರು ಕೊಟ್ಟ ಕಾರಣ. ಮೊಬೈಲ್ ಆಟಗಳ ಚರಿತ್ರೆಯಲ್ಲಿ ಇಂಥ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ.

ಅದೇ 2014 ಒಂದು ವಿಚಿತ್ರ ವರ್ಷ. ಫೆಬ್ರುವರಿಯಲ್ಲಿ ಬಂದ ‘ಥ್ರೀಸ್’ ಎಂಬ ಅಂಕಿಗಳ ಆಟವನ್ನು ಅದರ ತಯಾರಕರು 14 ತಿಂಗಳು ತಿದ್ದಿ ತೀಡಿದ್ದರು. ಒಂದೇ ತಿಂಗಳಲ್ಲಿ ಅದರ ನೆರಳಿನಂಥ ‘2048’ ಎಂಬ ಆಟವನ್ನು ಇಟಲಿಯ 19 ವರ್ಷದ ಯುವಕನೊಬ್ಬ ವಾರಾಂತ್ಯದ ಬಿಡುವಿನಲ್ಲಿ ಬರೆದು ಪುಕ್ಕಟೆಯಾಗಿ ಹಂಚಿದ. ಜಗತ್ತು 2048ನ್ನು ನೆನಪಿಟ್ಟುಕೊಂಡಿತು. ಎರಡನ್ನೂ ಆಡಿ ನೋಡಿದವರಿಗೆ 14 ತಿಂಗಳ ಕೆಲಸ ಎಲ್ಲಿ ಹೋಯಿತೆಂದು ತಿಳಿಯುತ್ತದೆ. 2048ನ್ನು ಕಣ್ಣು ಮುಚ್ಚಿ ಬೆರಳಾಡಿಸಿಯೂ ಸ್ವಲ್ಪ ದೂರ ಸಾಗಿಸಬಹುದು. ಥ್ರೀಸ್‌ನಲ್ಲಿ ಪ್ರತಿ ನಡೆಗೂ ಯೋಚಿಸಬೇಕು.

ಏಪ್ರಿಲಿನಲ್ಲಿ ಲಂಡನ್ನಿನ ಅಸ್ಟೂ ಎಂಬ ಸಂಸ್ಥೆ ‘ಮಾನ್ಯುಮೆಂಟ್ ವ್ಯಾಲಿ’ ಹೊರತಂದಿತು. ಮಾತಿಲ್ಲದ ರಾಜಕುಮಾರಿಯೊಬ್ಬಳು, ಕಣ್ಣಿಗೆ ಮೋಸ ಮಾಡುವ ಗೋಪುರ ಮೆಟ್ಟಿಲುಗಳ ನಡುವೆ ದಾರಿ ಹುಡುಕುತ್ತಾಳೆ. ಒಂದು ಕಂಬವನ್ನು ಬೆರಳಿನಿಂದ ತಿರುಗಿಸಿದರೆ, ದೂರದಲ್ಲಿದ್ದ ಸೇತುವೆ ಹತ್ತಿರದ ಗೋಡೆಗೆ ಬಂದು ಸೇರುತ್ತದೆ. ಫೋನಿಗಾಗಿಯೇ ಹುಟ್ಟಿದ ಆಟಗಳಲ್ಲಿ ಇಷ್ಟು ಚೆಲುವಾದದ್ದು ಬಹುಶಃ ಇನ್ನೊಂದಿಲ್ಲ. ಹತ್ತೇ ಅಧ್ಯಾಯ, ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಅದರ ಬೆಲೆ ನಾಲ್ಕು ಡಾಲರ್. ನವೆಂಬರಿನಲ್ಲಿ ಹೊಸ ಅಧ್ಯಾಯಗಳನ್ನು ಸೇರಿಸಿ ಅವಕ್ಕೆ ಇನ್ನೆರಡು ಡಾಲರ್ ಕೇಳಿದಾಗ, ಹಲವರು ಮಳಿಗೆಯಲ್ಲಿ ಒಂದೇ ನಕ್ಷತ್ರ ಕೊಟ್ಟು ಸಿಟ್ಟು ತೀರಿಸಿಕೊಂಡರು. ಕಾಣದ ಡಬ್ಬಿಗೆ, ಮುಗಿದ ಜೀವಕ್ಕೆ ನೂರಾರು ಡಾಲರ್ ಸುರಿಯುವ ಅದೇ ಮಾರುಕಟ್ಟೆಯಲ್ಲಿ, ಮಾಡಿದ ಕೆಲಸಕ್ಕೆ ನೇರವಾಗಿ ಬೆಲೆ ಕೇಳುವುದು ಅಪರಾಧವೆನಿಸತೊಡಗಿತ್ತು.

ಹಾಗೆಂದು ಒಳ್ಳೆಯ ಆಟ ಬೆಲೆಯುಳ್ಳದ್ದೇ ಆಗಬೇಕೆಂದಿಲ್ಲ. ‘ಲಿಚೆಸ್’ ಎಂಬ ಚದುರಂಗದ ಆಪ್ 2010ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ಯೋಜನೆಯ ಫಲ. ಬೆಲೆಯಿಲ್ಲ, ಜಾಹೀರಾತಿಲ್ಲ, ಆಡುವವರ ದೇಣಿಗೆಯಿಂದಲೇ ನಡೆಯುತ್ತದೆ. 2021ರ ಅಕ್ಟೋಬರಿನಲ್ಲಿ ಬೆಳಕಿಗೆ ಬಂದ ‘ವರ್ಡಲ್’ ಇನ್ನೂ ಸರಳ. ಐದಕ್ಷರದ ಪದವೊಂದನ್ನು ಆರು ಪ್ರಯತ್ನಗಳಲ್ಲಿ ಊಹಿಸಬೇಕು. ದಿನಕ್ಕೆ ಒಂದೇ ಪದ, ಇನ್ನೊಂದು ಬೇಕೆಂದರೆ ನಾಳೆ ಬಾ. ಇದನ್ನು ಕನ್ನಡಕ್ಕೆ ತರಲು ಹೊರಟವರಿಗೆ ಒಂದು ಸೊಗಸಾದ ತೊಡಕು ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಅಕ್ಷರ ಎಣಿಸುವುದು ಸುಲಭ. ‘ಸ್ತ್ರೀ’ ಎಂಬುದು ಒಂದಕ್ಷರವೋ ನಾಲ್ಕೋ? ‘ಕ’ ಸರಿ, ಆದರೆ ಇರಬೇಕಾದದ್ದು ‘ಕಿ’ ಎಂದಾದರೆ ಅದು ಸರಿಯುತ್ತರವೋ ಅರೆಯುತ್ತರವೋ? ಆಟ ಕಟ್ಟುವವನು ಮೊದಲು ವ್ಯಾಕರಣಕಾರನಾಗಬೇಕಾಗುತ್ತದೆ.

ಹಳೆಯ ಹಾಸು, ಹೊಸ ದಾಳ

2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಇಂಟರ್‌ನೆಟ್ ಅಗ್ಗವಾದ ಮೇಲೆ ಭಾರತದ ಹಳ್ಳಿಗಳಿಗೂ ಮೊಬೈಲ್ ಆಟಗಳು ಧುಮುಕಿದವು. ಗುಂಡು ಹಾರಿಸುವ ‘ಪಬ್‌ಜಿ’ 2018ರಲ್ಲಿ ಬಂದು ಹುಡುಗರನ್ನು ಹುಚ್ಚೆಬ್ಬಿಸಿತು. ಚೀನಾದ ಗಡಿ ತಂಟೆಯ ಹಿನ್ನೆಲೆಯಲ್ಲಿ 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. 2021ರಲ್ಲಿ ಅದು ಬೇರೆ ಹೆಸರಿನಲ್ಲಿ ಮರಳಿತು. ಆದರೆ ಮನೆಮಂದಿಯೆಲ್ಲ ಕೂಡಿ ಆಡಿದ್ದು ಅದಲ್ಲ, 2016ರಲ್ಲಿ ನವಿ ಮುಂಬಯಿಯ ಗೇಮ್‌ಶನ್ ಕಂಪನಿ ಹೊರತಂದ ‘ಲೂಡೊ ಕಿಂಗ್’. 2020ರ ಲಾಕ್‌ಡೌನ್ ದಿನಗಳಲ್ಲಿ ಬೆಂಗಳೂರಿನ ಮಗ, ಶಿವಮೊಗ್ಗದ ತಾಯಿ, ಅಮೆರಿಕದ ಸೊಸೆ ಒಂದೇ ಹಾಸಿನ ಸುತ್ತ ಕುಳಿತದ್ದು ಈ ಆಟದಲ್ಲಿ. ಪರದೆ ದೊಡ್ಡದಾದ ಟ್ಯಾಬ್ಲೆಟ್ ಇದ್ದ ಮನೆಗಳಲ್ಲಿ ಅದನ್ನು ಚಾಪೆಯ ಮೇಲಿಟ್ಟು ನಾಲ್ವರೂ ಸುತ್ತ ಕೂರುವುದಕ್ಕೂ ಅಡ್ಡಿಯಿರಲಿಲ್ಲ.

ಲೂಡೊ ನಮಗೆ ಹೊಸದಲ್ಲ, ಹಳೆಯದೂ ಅಲ್ಲ. ಅದು ಇಂಗ್ಲೆಂಡಿಗೆ ಹೋಗಿ ಬಂದ ಪಗಡೆ. ಪಗಡೆ, ಪಚ್ಚೀಸಿ, ಚೌಕಾಬಾರ ಎಲ್ಲ ಒಂದೇ ಬಳಗದವು. ಫತೇಪುರ ಸಿಕ್ರಿಯಲ್ಲಿ ಅಕ್ಬರನು ಅಂಗಳವನ್ನೇ ಹಾಸು ಮಾಡಿ ಪಚ್ಚೀಸಿ ಆಡಿದನೆಂಬ ಪ್ರತೀತಿಯಿದೆ. ಹಂಪಿಯ ಕಲ್ಲುಹಾಸುಗಳ ಮೇಲೆ ಕೊರೆದ ಆಟದ ಮನೆಗಳನ್ನು ಇಂದಿಗೂ ಕಾಣಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡ ಮೇಲೆ ಕಲೆ, ಶಾಸ್ತ್ರಗಳಿಗೆ ತೊಡಗಿದವರು. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕ ನಿಧಿ’ ಆಟಗಳಿಗೇ ಮೀಸಲು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ನಡೆಸಿ ಮುಗಿಸುವ ಒಗಟನ್ನು ಬಿಡಿಸುವುದರಲ್ಲಿ ಅವರು ನಿಷ್ಣಾತರಾಗಿದ್ದರು.

1896ರಲ್ಲಿ ಇಂಗ್ಲೆಂಡಿನಲ್ಲಿ ಲೂಡೊ ಹೆಸರಿನಲ್ಲಿ ಪೇಟೆಂಟ್ ಆದಾಗ ಪಚ್ಚೀಸಿ ಬಹಳಷ್ಟು ಕಳೆದುಕೊಂಡಿತ್ತು. ಪಚ್ಚೀಸಿ ನಾಲ್ವರ ಆಟ. ಎದುರುಬದುರು ಕುಳಿತ ಇಬ್ಬಿಬ್ಬರು ಜೊತೆಗಾರರು. ಗರ ಬಿದ್ದರೂ ಕಾಯಿ ನಡೆಸದೆ ಸುಮ್ಮನಿರುವ ಸ್ವಾತಂತ್ರ್ಯವಿತ್ತು. ಜೊತೆಗಾರ ಹಿಂದುಳಿದಿದ್ದರೆ, ತನ್ನ ಕಾಯಿ ಹಣ್ಣಾಗುವುದನ್ನು ಬಿಟ್ಟು ಅವನ ಕಾವಲಿಗೆ ಇನ್ನೊಂದು ಸುತ್ತು ಹೊರಡುವುದೂ ಇತ್ತು. ಲೂಡೊದಲ್ಲಿ ಜೊತೆಗಾರನಿಲ್ಲ. ಕವಡೆಗಳು ಹೋಗಿ ಒಂದೇ ದಾಳ ಉಳಿಯಿತು. ಮಕ್ಕಳಿಗೆಂದು ಹೀಗೆ ಸರಳಗೊಳಿಸಿದ ಆಟವೇ ತಿರುಗಿ ಬಂದು ನಮ್ಮ ಫೋನುಗಳಲ್ಲಿ ಕುಳಿತಿದೆ.

ಫೋನಿನಲ್ಲಿ ದಾಳವೂ ಕೈಬಿಟ್ಟಿತು. ಹಾಸಿನ ಮೇಲೆ ಕವಡೆ ಚೆಲ್ಲಿದರೆ ಅದು ಉರುಳಿ ನಿಲ್ಲುವುದನ್ನು ನಾಲ್ವರೂ ನೋಡುತ್ತಾರೆ. ಫೋನಿನೊಳಗೆ ಉರುಳುವುದು ಚಿತ್ರ ಮಾತ್ರ. ಒಂದರಿಂದ ಆರರವರೆಗೆ ಯಾವ ಅಂಕಿ ಬೀಳಬೇಕೆಂಬುದನ್ನು ಪ್ರೋಗ್ರಾಮು ಒಂದು ಲೆಕ್ಕದಿಂದ ಹೆಕ್ಕುತ್ತದೆ. ಲೆಕ್ಕ ನೇರವಾಗಿದ್ದರೂ ಆಟಗಾರನಿಗೆ ಅದನ್ನು ಕಾಣುವ ದಾರಿಯಿಲ್ಲ. ಎದುರಾಳಿಗೇ ಯಾಕೆ ಆರು ಬೀಳುತ್ತದೆ ಎಂಬ ಗೊಣಗಾಟ ಮನೆಯಾಟದಲ್ಲಿ ತಮಾಷೆ. ಪಣವಿಟ್ಟ ಮೇಲೆ ಅದು ತಮಾಷೆಯಲ್ಲ. ದಾಳ ಯಾರದು ಎಂದು ಕೇಳದೆ ಆಡಲು ಕುಳಿತ ಧರ್ಮರಾಯನ ಕತೆ ಈ ನಾಡಿನಲ್ಲಿ ಯಾರಿಗೆ ತಿಳಿಯದು?

ಪಣದ ಪ್ರಶ್ನೆ ನಮ್ಮ ನ್ಯಾಯಾಲಯಗಳಲ್ಲಿ ಹಳೆಯದು. ಅದರಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ. 1950ರ ದಶಕದಲ್ಲಿ ಚಮಾರ್‌ಬಾಗ್‌ವಾಲಾ ಎಂಬವರ ಸಂಸ್ಥೆ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯ ಮೂಲಕ ಪದಬಂಧದ ಬಹುಮಾನ ಸ್ಪರ್ಧೆ ನಡೆಸುತ್ತಿತ್ತು. ಮುಂಬಯಿ ರಾಜ್ಯ ಅದರ ಮೇಲೆ ತೆರಿಗೆ ಹಾಕಿದಾಗ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1957ರಲ್ಲಿ ಬಂದ ತೀರ್ಪುಗಳು ಜೂಜನ್ನು ಸಂವಿಧಾನ ರಕ್ಷಿಸುವ ವ್ಯಾಪಾರವೆಂದು ಒಪ್ಪಲಿಲ್ಲ. ಆದರೆ ಕೌಶಲವೇ ಪ್ರಧಾನವಾದ ಸ್ಪರ್ಧೆ ಬೇರೆ ಎಂದು ಗೆರೆ ಎಳೆದವು. 1967ರಲ್ಲಿ ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಅದೇ ಕೋರ್ಟು ಹೇಳಿತು. ಫೋನಿನಲ್ಲಿ ಹಣ ಕಟ್ಟಿ ಆಡುವ ರಮ್ಮಿ, ಕಾಲ್ಪನಿಕ ಕ್ರಿಕೆಟ್ ತಂಡ ಕಟ್ಟುವ ಆಟಗಳೆಲ್ಲ ಬೆಳೆದದ್ದು ಈ ಗೆರೆಯ ಆಚೆ ನಿಂತು.

ಸಾಲ ಮಾಡಿ ಆಡಿದವರು, ಪ್ರಾಣ ಕಳೆದುಕೊಂಡವರ ಸುದ್ದಿಗಳು ಹೆಚ್ಚಿದಾಗ ಕರ್ನಾಟಕ ಸರ್ಕಾರ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕೌಶಲದ ಆಟವನ್ನೂ ಜೂಜನ್ನೂ ಒಂದೇ ಗಂಟು ಕಟ್ಟಲಾಗದು ಎಂಬುದು ಮುಖ್ಯ ಕಾರಣ. ಚಟದ ಪ್ರಶ್ನೆಯನ್ನು ವೈದ್ಯರು ಅದಕ್ಕೆ ಮೊದಲೇ ಎತ್ತಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಇದಕ್ಕಾಗಿ ‘ಶಟ್’ ಎಂಬ ಪ್ರತ್ಯೇಕ ಕ್ಲಿನಿಕ್ ತೆರೆದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆಟದ ಚಟ ಸೇರಿದ್ದು 2019ರಲ್ಲಿ.

2025ರ ಆಗಸ್ಟಿನಲ್ಲಿ ಸಂಸತ್ತು ಎರಡೇ ದಿನಗಳಲ್ಲಿ ಆನ್‌ಲೈನ್ ಆಟಗಳ ಕಾಯ್ದೆಯನ್ನು ಅಂಗೀಕರಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಎಪ್ಪತ್ತು ವರ್ಷಗಳ ಕೌಶಲ, ಅದೃಷ್ಟಗಳ ಗೆರೆಯನ್ನು ಅದು ಒರೆಸಿಹಾಕಿತು. ಗೆದ್ದರೆ ಹಣ ಬರುವ ಆಸೆಯಿಂದ ಹಣ ಕಟ್ಟಿ ಆಡುವ ಯಾವ ಆಟವನ್ನೇ ನಡೆಸಿದರೂ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಆಡಿದವರಿಗೆ ಶಿಕ್ಷೆಯಿಲ್ಲ. ಕಾಯ್ದೆಯನ್ನು ಪ್ರಶ್ನಿಸಿ ಕಂಪನಿಯೊಂದು ಕರ್ನಾಟಕ ಹೈಕೋರ್ಟಿಗೆ ಹೋಯಿತು. ಬೇರೆಡೆಯೂ ಅರ್ಜಿಗಳು ಬಂದವು. 2025ರ ಸೆಪ್ಟೆಂಬರಿನಲ್ಲಿ ಅವೆಲ್ಲ ಸುಪ್ರೀಂ ಕೋರ್ಟಿಗೆ ವರ್ಗವಾದವು.

ಹಣ ಕಟ್ಟದ ಲೂಡೊ ಕಾಯ್ದೆಯ ಭಾಷೆಯಲ್ಲಿ ‘ಸಾಮಾಜಿಕ ಆಟ’; ಸರ್ಕಾರ ಅದಕ್ಕೆ ಉತ್ತೇಜನ ಕೊಡಬಹುದು. ನೂರು ರೂಪಾಯಿ ಕಟ್ಟಿಸಿಕೊಂಡು ಆಡಿಸುವ ಅದೇ ಹಾಸಿನ, ಅದೇ ದಾಳದ ಲೂಡೊ ಅಪರಾಧ. ಇನ್ನು ಗೆದ್ದರೂ ಸೋತರೂ ಆಟಗಾರನಿಗೆ ಒಂದು ಪೈಸೆಯೂ ಮರಳದ ಆಟಗಳಿವೆಯಲ್ಲ, ಅವುಗಳನ್ನು ಈ ನಿಷೇಧ ಮುಟ್ಟುವುದಿಲ್ಲ. ಮಿಠಾಯಿ ಒಡೆಯುವವರ ಐದು ಜೀವಗಳು ತೀರಿದರೆ ಅರ್ಧ ಗಂಟೆ ಕಾಯುವ, ಇಲ್ಲವೇ ಹಣ ತೆತ್ತು ಕೂಡಲೇ ಪಡೆಯುವ ಪದ್ಧತಿ ಕಾಯ್ದೆಯ ಹೊರಗೇ ಇದೆ.